ಹಸಿವಾಗಿದೆಯೇ ಎಂದು ಕೇಳಿದೆ

ಶನಿವಾರ, ಮಧ್ಯಾಹ್ನ ಮೂರು ಗಂಟೆ. ಮಹಾರಾಷ್ಟ್ರದ ಜತ್ತ ತಾಲೂಕಿನ ಬೆಳುಂಕಿಯಲ್ಲಿ ಮಾಯವ್ವನ ಮನೆ. ಹಾಜರಿದ್ದವರು ಮೂವರು — ಮಂಚದ ಮೇಲೆ ಮಾಯವ್ವ, ಬಾಗಿಲ ಬಳಿ ಅವಳ ಸೊಸೆ ಶೋಭಾ, ಮತ್ತು ನಾನು, ನಿವೃತ್ತ ಮೇಟ್ರನ್ ನೀಲವ್ವ. ಅವರಿಬ್ಬರ ಎದುರು ಒಪ್ಪಿಕೊಂಡದ್ದನ್ನು ಇಲ್ಲಿಯೂ ಬರೆದಿಡುತ್ತೇನೆ: ನನ್ನ ಓದು, ನನ್ನ ನೌಕರಿ, ನಾನು ಉಟ್ಟ ಬಿಳಿ ಸೀರೆ, ಇವೆಲ್ಲ ಮಾಯವ್ವನ ಪಾಲಿಗೆ ಬಂದಿದ್ದವು. ಒಂದು ಸುಳ್ಳು ಹೇಳಿ ನಾನು ತೆಗೆದುಕೊಂಡೆ.

ಮೊದಲು ಸ್ಥಿತಿ, ಆಮೇಲೆ ಕಾರಣ — ವಾರ್ಡಿನಲ್ಲಿ ಹಾಗೆ ಬರೆಯುವ ರೂಢಿ. ಈಗಲೂ ಹಾಗೆಯೇ ಬರೆಯುತ್ತೇನೆ.

ಮಾಯವ್ವನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದಿವೆ. ಮಾತೂ ಹೋಗಿತ್ತು. ದಿನಾ ಬೆಳಿಗ್ಗೆ, ಮಧ್ಯಾಹ್ನ ಹೋಗಿ ಮೈ ಒರೆಸುತ್ತೇನೆ, ಮಗ್ಗಲು ಬದಲಿಸುತ್ತೇನೆ, ಬೆನ್ನಿಗೆ ಪೌಡರ್ ಹಾಕುತ್ತೇನೆ, ಗಂಜಿ ಕುಡಿಸುತ್ತೇನೆ. ಬೆನ್ನಿನಲ್ಲಿ ಹುಣ್ಣು ಆಗಗೊಟ್ಟಿಲ್ಲ. "ಗೆಳೆತನ ಅಂದ್ರ ಹಿಂಗಿರಬೇಕು" ಎಂದು ಓಣಿಯವರು ಅನ್ನುತ್ತಾರೆ. ನಾನು ಸುಮ್ಮನಿರುತ್ತೇನೆ — ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ.

ನಾವಿಬ್ಬರೂ ಈ ಊರಿನ ಕನ್ನಡ ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಕುಳಿತು ಕಲಿತವರು. ವರ್ಷಕ್ಕೊಮ್ಮೆ ಅಲ್ಲಿನ ಗುರೂಜಿ ನನ್ನನ್ನು ಕರೆಸಿ ಮಕ್ಕಳಿಗೆ ನಾಲ್ಕು ಮಾತು ಹೇಳಿಸುತ್ತಾರೆ. ವಿದ್ಯೆ, ಛಲ, ನಡತೆ — ಈ ಮೂರೇ ನನ್ನನ್ನು ಇಲ್ಲಿಯ ತನಕ ತಂದವು ಎಂದು ಪ್ರತಿ ಸಲವೂ ಹೇಳಿದ್ದೇನೆ. ಹೋದ ವರ್ಷದವರೆಗೂ ಮಾಯವ್ವ ಹಿಂದೆ ಗೋಡೆಗೆ ಒರಗಿ ಕೇಳುತ್ತಿದ್ದಳು. ಎಲ್ಲರ ಚಪ್ಪಾಳೆ ನಿಂತ ಮೇಲೆ ಅವಳದು ಶುರುವಾಗುತ್ತಿತ್ತು. ಒಬ್ಬಳೇ, ನಿಧಾನವಾಗಿ, ನನ್ನನ್ನೇ ನೋಡುತ್ತ. ಮಕ್ಕಳು ನಗುತ್ತಿದ್ದರು. ನಾನು ಮಾತ್ರ ಅವಳತ್ತ ನೋಡದೆ ಕುರ್ಚಿಗೆ ಮರಳುತ್ತಿದ್ದೆ. ಸೋಮವಾರ ಮತ್ತೆ ಆ ಭಾಷಣವಿದೆ.

ಕಳೆದ ವಾರ ಶೋಭಾ ನನ್ನನ್ನು ಹೊಸ್ತಿಲಲ್ಲೇ ತಡೆದಳು.

"ಬರ್ರಿ ಸಿಸ್ಟರ್‌ಬಾಯಾರ. ನಮ್ಮ ಅತ್ತಿಯವರಿಗೆ ಮಾತ ಬಂದೈತ್ರಿ."

"ಏನಂತಾಳ?"

"ಮರಾಠಿ ಮಾತಾಡಾಕತ್ತಾರ. ಉಣ್ತೀರೇನ ಅಂತ ಕೇಳಿದ್ರ ಸಾಕು, ಅದ ಒಂದ ಮಾತ. ಇಷ್ಟ ದಿನಾ ಕನ್ನಡದಾಗ ಬೈದದ್ದು ಸಾಲ್ದಂತ ಈಗ ಮರಾಠ್ಯಾಗೂ ಶುರು ಮಾಡ್ಯಾರ ನೋಡ್ರಿ." ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರಿತ್ತು.

ನಾನು ಮಂಚದ ಬಳಿ ಹೋಗಿ ದಿನದಂತೆ ಕೇಳಿದೆ. "ಹಸಿವ್ಯಾಗೈತೇನ, ಮಾಯವ್ವಾ?"

ಅವಳ ಬಾಯಿಯ ಎಡ ಅಂಚು ಅಲುಗಿತು. "ತಿಲಾ ಯಾಯ್ಚಂ ನಾಹೀ."

ಅವಳಿಗೆ ಬರಲು ಮನಸ್ಸಿಲ್ಲ — ಆ ಮಾತಿನ ಅರ್ಥ ಇಷ್ಟೇ. ಆದರೆ ಧ್ವನಿ ಮಾಯವ್ವನದಾಗಿರಲಿಲ್ಲ. ಅವಳದು ಕುರಿಗಳನ್ನು ಕೂಗಿ ಕೂಗಿ ಒಡೆದ ದನಿ. ಇದು ತೆಳುವಾಗಿತ್ತು, ಅವಸರದಲ್ಲಿತ್ತು, ಕೊನೆಯ ಅಕ್ಷರವನ್ನು ಮೇಲಕ್ಕೆ ಎಳೆಯುತ್ತಿತ್ತು. ಒಬ್ಬ ಹುಡುಗಿಯ ಧ್ವನಿ. ಆ ಹುಡುಗಿ ಯಾರೆಂದು ನನಗೆ ತಕ್ಷಣ ತಿಳಿಯಿತು. ನನ್ನ ಹದಿನಾಲ್ಕನೆಯ ವಯಸ್ಸಿನ ಧ್ವನಿ ಆ ಸೊಟ್ಟಗಾದ ಬಾಯಿಂದ ಹೊರಗೆ ಬಂದಿತ್ತು.

"ಯಾರ ಬರಂಗಿಲ್ಲೋ ಏನೋ," ಎಂದಳು ಶೋಭಾ. "ಸತ್ತ ತಂಗಿ ನೆಪ್ಪಾಗ್ಯಾಳೇನೋ. ನಿಮಗೇನರ ಗೊತ್ತೇನ್ರಿ?"

"ಗೊತ್ತಿಲ್ಲವ್ವ," ಎಂದೆ. ಅದು ಎರಡನೆಯ ಸುಳ್ಳು.

ಲಕ್ವಾ ಹೊಡೆದವರಿಗೆ ಎಲ್ಲ ಮಾತೂ ಹೋಗಿ ಒಂದೇ ಮಾತು ಉಳಿಯುವುದನ್ನು ವಾರ್ಡಿನಲ್ಲಿ ಕಂಡಿದ್ದೇನೆ. ಯಾವ ಮಾತು ಉಳಿಯಬೇಕೆಂದು ರೋಗಿ ಆರಿಸುವುದಿಲ್ಲ, ಮಿದುಳಿಗೆ ಅದರ ಅರ್ಥವೂ ಬೇಕಿಲ್ಲ. ನಾನು ಓದಿದ್ದು ಹಾಗೆ. ಆದರೆ ನಾನು ಕೇಳುತ್ತಿದ್ದ ಪ್ರಶ್ನೆ ಯಾವುದು, ಅವಳು ಕೊಡುತ್ತಿದ್ದ ಉತ್ತರ ಯಾವುದು...

ಈಗ ಕಾರಣ.

ನಾವು ಏಳನೆಯ ತರಗತಿಯಲ್ಲಿದ್ದಾಗ ದೂರದ ಪಟ್ಟಣದಿಂದ ಒಬ್ಬ ಡಾಕ್ಟರ್‌ಬಾಯಿ ಜೀಪಿನಲ್ಲಿ ಬಂದು ಶಾಲೆಯ ಬೇವಿನ ಮರದ ಕೆಳಗೆ ರೋಗಿಗಳನ್ನು ನೋಡುತ್ತಿದ್ದರು. ಅವರಿಗೆ ಕನ್ನಡ ಬಾರದು. ನಾನು ಜತ್ತದಲ್ಲಿ ಸೋದರಮಾವನ ಅಂಗಡಿಯಲ್ಲಿ ಆಡಿ ಬೆಳೆದವಳು, ಮರಾಠಿ ಸಲೀಸಾಗಿತ್ತು. ಆಗಿನ ಗುರೂಜಿ ನನ್ನನ್ನು ಅವರ ಪಕ್ಕದಲ್ಲಿ ನಿಲ್ಲಿಸಿ ತಾವು ಜನರ ಸಾಲು ನೋಡಿಕೊಳ್ಳಲು ಹೋದರು. ಮಾಯವ್ವ ಕುರಿಯವರ ಮಗಳು, ಮಾಡಗ್ಯಾಳದ ಕಡೆಯಿಂದ ಬಂದ ಮನೆತನ. ಆಗ ಅವಳಿಗೆ ಮರಾಠಿ ಪುಸ್ತಕದಲ್ಲಿ ಕಂಡಷ್ಟೇ, ಆಡಿದರೆ ತಿಳಿಯುತ್ತಿರಲಿಲ್ಲ.

ಒಬ್ಬ ಮುದುಕನ ಕಾಲಿನ ಹುಣ್ಣು ತೊಳೆಯುವಾಗ ವಾಸನೆಗೆ ನಾವೆಲ್ಲ ಹಿಂದೆ ಸರಿದೆವು. ಮಾಯವ್ವ ಬೋಗುಣಿ ಹಿಡಿದು ನಿಂತಳು. ಮುಖ ತಿರುಗಿಸಲಿಲ್ಲ. ಮುಗಿದ ಮೇಲೆ, ಯಾರೂ ಹೇಳದೆ, ಮೊಣಕೈ ತನಕ ಕೈ ತೊಳೆದುಕೊಂಡಳು. ಡಾಕ್ಟರ್‌ಬಾಯಿ ಅದನ್ನು ನೋಡುತ್ತಲೇ ಇದ್ದರು. ಆಮೇಲೆ ನನಗೆ ಮರಾಠಿಯಲ್ಲಿ ಹೇಳಿದರು — ಈ ಹುಡುಗಿಯನ್ನು ಕರೆದೊಯ್ಯುತ್ತೇನೆ, ಹಾಸ್ಟೆಲ್‌ನಲ್ಲಿಟ್ಟು ಓದಿಸಿ ನರ್ಸ್ ಮಾಡುತ್ತೇನೆ, ಒಬ್ಬಳಿಗೆ ಮಾತ್ರ ಜಾಗವಿದೆ. ಬರುತ್ತಾಳೇನು, ಕೇಳು.

ನಾನು ಮಾಯವ್ವನ ಕಡೆ ತಿರುಗಿದೆ.

"ಬಾಯಾರು ಕೇಳಾಕತ್ತಾರ," ಎಂದೆ, "ನಿನಗ ಹಸಿವ್ಯಾಗೈತೇನಂತ."

ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ಅದು ನನಗೆ ಗೊತ್ತಿತ್ತು. ಪರರು ಉಣ್ಣಲು ಕರೆದರೆ ಮೊದಲ ಸಲಕ್ಕೆ ಒಲ್ಲೆ ಎನ್ನಬೇಕೆಂದು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಾರೆ. ಅದೂ ಗೊತ್ತಿತ್ತು. ಮಾಯವ್ವ ನಾಚಿಕೊಂಡು ನಕ್ಕು ತಲೆ ಅಡ್ಡಡ್ಡ ಆಡಿಸಿದಳು. ಡಾಕ್ಟರ್‌ಬಾಯಿ ಕಣ್ಣಾರೆ ಕಂಡರು.

"ತಿಲಾ ಯಾಯ್ಚಂ ನಾಹೀ," ಎಂದೆ ನಾನು. ಒಂದು ಉಸಿರು ತೆಗೆದುಕೊಂಡು — "ಮೀ ಯೇತೇ." ನಾನು ಬರುತ್ತೇನೆ.

ಅವಳ ಒಳ್ಳೆಯ ನಡತೆಯನ್ನೇ ಅವಳ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಿದೆ. ಯಾಕೆ ಹಾಗೆ ಮಾಡಿದೆ ಎಂಬುದಕ್ಕೆ ಹೇಳಬಹುದಾದ ಮಾತುಗಳಿವೆ. ಬರೆಯುವುದಿಲ್ಲ.

ಹಾಸ್ಟೆಲ್‌ನಲ್ಲಿ ಎಲ್ಲದಕ್ಕೂ ಗಂಟೆ. ಏಳಲು ಗಂಟೆ, ಉಣ್ಣಲು ಗಂಟೆ, ಓದಲು ಗಂಟೆ. ನನಗೆ ಅದು ಕಷ್ಟವಾಗಲಿಲ್ಲ. ಕಷ್ಟವಾದದ್ದು ನಲ್ಲಿಯ ಬಳಿ. ಕೈ ತೊಳೆಯುವಾಗ ನನ್ನ ಕೈಗಳ ಸದ್ದಿನ ಜೊತೆ ಇನ್ನೊಂದು ಜೋಡಿ ಕೈಗಳ ಸದ್ದು ಕೇಳುತ್ತಿತ್ತು. ನಾನು ನಿಲ್ಲಿಸಿದರೂ ಅದು ಸ್ವಲ್ಪ ಹೊತ್ತು ನಡೆದಿರುತ್ತಿತ್ತು — ನಿಧಾನವಾಗಿ, ಮೊಣಕೈ ತನಕ. ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ತಪ್ಪಿಲ್ಲದಂತೆ ಕೆಲಸ ಮಾಡಿದೆ, ಯಾಕೆಂದರೆ ನನಗಿಂತ ಚೆನ್ನಾಗಿ ಮಾಡಬಲ್ಲವಳೊಬ್ಬಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಅದನ್ನೇ ಎಲ್ಲರೂ ನನ್ನ ಶಿಸ್ತು ಎಂದರು. ಮಕ್ಕಳಿಗೆ ನಾನೂ ಹಾಗೆಯೇ ಹೇಳಿಕೊಟ್ಟೆ.

ಮಾಯವ್ವನ ಮದುವೆಯಾಯಿತು. ಪ್ರತಿ ಬೇಸಿಗೆ ಗಂಡನ ಜೊತೆ ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆಯ ಊರುಗಳಿಗೆ ಹೋಗುತ್ತಿದ್ದಳು. ಅಲ್ಲಿ ಹೊಲದವರ ಜೊತೆ, ಉಣ್ಣೆಯವರ ಜೊತೆ ಜಗಳಾಡುತ್ತ ಮರಾಠಿ ಕಲಿತಳು. ಸಂತೆಯಲ್ಲಿ ಪದಾರ್ಥ ಕಟ್ಟಿಕೊಟ್ಟ ಪತ್ರಿಕೆಯ ಚೂರುಗಳನ್ನು ಬಿಚ್ಚಿ ಓದಿದಳು. ಹೆಣ್ಣುಮಕ್ಕಳಿಬ್ಬರನ್ನೂ ಕಾಲೇಜು ಮೆಟ್ಟಿಲು ಹತ್ತಿಸಿದಳು. ನಾನು ಜತ್ತದ ಆಸ್ಪತ್ರೆಗೆ ವರ್ಗವಾಗಿ ಬಂದಾಗ ಒಂದು ದಿನ ಬಸುರಿ ಮಗಳನ್ನು ಕರೆತಂದಳು. ಕಾಯಿಸಿದ ಗುಮಾಸ್ತನಿಗೆ ಅವಳು ಮರಾಠಿಯಲ್ಲಿ ಜಾಡಿಸಿದ ಮಾತಿಗೆ ಅವನು ಕುರ್ಚಿ ಬಿಟ್ಟು ಎದ್ದು ನಿಂತ.

ಆಮೇಲೆ ನನ್ನ ಕಡೆ ತಿರುಗಿದಳು. "ನಾನೂ ಮರಾಠಿ ಕಲ್ತೆ ನೋಡ, ನೀಲಾ. ಹಿಂದ ಕಿವ್ಯಾಗ ಬಿದ್ದು ಸುಮ್ನ ಕುಂತಿದ್ದೆಲ್ಲಾ ಈಗ ತಿಳ್ಯಾಕತ್ತೈತಿ."

ಆಗಲೇ ಅವಳ ಕಾಲು ಹಿಡಿಯಬೇಕಿತ್ತು. ನನ್ನ ಬಾಯಿಂದ ಬಂದದ್ದು — "ಚಾ ಕುಡೀತೀಯೇನ?"

"ಒಲ್ಲೆ," ಎಂದು ನಕ್ಕಳು. "ನೀ ಕೇಳೂದು, ನಾ ಒಲ್ಲೆ ಅನ್ನೂದು. ಅದ ನಡೀಲಿ."

ಅದೇ ನಡೆಯಿತು. ಅವಳು ಯಾರಿಗೂ ಹೇಳಲಿಲ್ಲ. ನಾನು ಶಾಲೆಯಲ್ಲಿ ನಿಂತು ನಡತೆಯ ಬಗ್ಗೆ ಮಾತಾಡಿದೆ, ಅವಳು ಗೋಡೆಗೆ ಒರಗಿ ಕೇಳಿದಳು.

ಇಂದು ನಾಡಿ ನೋಡಿದಾಗ ಇನ್ನು ಹೆಚ್ಚು ದಿನ ಇಲ್ಲ ಎಂದು ತಿಳಿಯಿತು. ಕೈ ಬಿಡಲಿಲ್ಲ. "ಕುಂದ್ರವ್ವ," ಎಂದು ಶೋಭಾಳನ್ನು ಕೂರಿಸಿ, ಬೇವಿನ ಮರದಿಂದ ಶುರು ಮಾಡಿ ಎಲ್ಲ ಹೇಳಿದೆ. ಬಿಸಿಲು ಹೊಸ್ತಿಲ ತನಕ ಬಂದಿತ್ತು. ಮಾಯವ್ವ ಮಾಡಿನ ಜಂತಿ ನೋಡುತ್ತ ಮಲಗಿದ್ದಳು. ಕೇಳುತ್ತಿದ್ದಳೋ ಇಲ್ಲವೋ, ಹೇಳಲಾರೆ.

ಕೊನೆಗೆ ಅವಳ ಕಿವಿಯ ಹತ್ತಿರ ಬಗ್ಗಿ, ಅಂದು ಕೇಳಬೇಕಾಗಿದ್ದನ್ನು ಕೇಳಿದೆ.

"ಮಾಯವ್ವಾ. ಬಾಯಾರು ನಿನ್ನ ಕರ್ಕೊಂಡ ಹೋಗ್ತಾರಂತ. ಸಾಲಿ ಕಲಸ್ತಾರಂತ. ಬರ್ತೀಯೇನ ಅಂತ ಕೇಳಾಕತ್ತಾರ."

ಮರಾಠಿ ಮಾತು ಬರಲಿಲ್ಲ. ಯಾವ ಮಾತೂ ಬರಲಿಲ್ಲ. ಹೊದಿಕೆ ಅಲುಗಿತು. ಅವಳ ಎಡಗಾಲು ಹೊರಗೆ ಬಂದು, ಮಂಚದಿಂದ ಕೆಳಗಿಳಿದು, ನೆಲದ ಮೇಲೆ ಆ ಕಡೆ ಈ ಕಡೆ ತಡಕಾಡತೊಡಗಿತು. ಏನೆಂದು ನನಗೆ ಮೊದಲು ತಿಳಿಯಲಿಲ್ಲ.

"ಚಪ್ಪಲಿ ಹುಡುಕಾಕತ್ತಾರ," ಎಂದಳು ಶೋಭಾ.

ಚಪ್ಪಲಿ ಅಲ್ಲಿರಲಿಲ್ಲ. ಆಸ್ಪತ್ರೆಯಿಂದ ಬಂದ ದಿನವೇ ನಾನೇ ತೆಗೆದು ಅಟ್ಟಕ್ಕೆ ಹಾಕಿಸಿದ್ದೆ, ಇನ್ನು ಬೇಕಾಗುವುದಿಲ್ಲವೆಂದು. ಪಾದ ಬಹಳ ಹೊತ್ತು ಹುಡುಕಿತು. ಆಮೇಲೆ ನಿಂತಿತು.

ಶೋಭಾ ನನ್ನ ಮುಖ ನೋಡಲಿಲ್ಲ. ನಾನು ಇನ್ನು ಬರಕೂಡದು ಎಂದರೆ ಹೋಗಲು ಸಿದ್ಧವಾಗಿಯೇ ನಿಂತಿದ್ದೆ. ಅವಳು ಬಟ್ಟಲನ್ನು ನನ್ನ ಕಡೆ ಸರಿಸಿ, "ಗಂಜಿ ಆರಾಕತ್ತೈತ್ರಿ," ಎಂದಳು. ಸಿಸ್ಟರ್‌ಬಾಯಾರ ಎನ್ನಲಿಲ್ಲ.

ನಿಂತಲ್ಲಿಂದಲೇ ಶಾಲೆಯ ಗುರೂಜಿಗೆ ಫೋನ್ ಮಾಡಿದೆ. ಸೋಮವಾರ ಬರುತ್ತೇನೆ, ಮಕ್ಕಳಿಗೆ ಅದೇ ಮೂರು ಮಾತು ಹೇಳುತ್ತೇನೆ, ಆದರೆ ಕಥೆ ಮಾಯವ್ವನದು, ಅದರಲ್ಲಿ ಕದ್ದವಳು ನಾನು ಎಂದೆ. ಬರ್ರಿ ಎಂದರು ಅವರು.

ಆಮೇಲೆ ಕಾಲನ್ನು ಎತ್ತಿ ಹೊದಿಕೆಯೊಳಗೆ ಇಟ್ಟೆ. ಎಡಮಗ್ಗಲಿಗೆ ತಿರುಗಿಸಿದೆ. ಹಸಿವೆಯೇ ಎಂದು ಕೇಳಲಿಲ್ಲ. ಚಮಚೆ ಚಮಚೆಯಾಗಿ ಗಂಜಿ ಕುಡಿಸಿದೆ, ತುಟಿ ಒರೆಸಿದೆ, ಬಟ್ಟಲು ತೊಳೆದು ಬೋರಲು ಹಾಕಿದೆ. ಕೊನೆಯ ಕೆಲಸ, ಕೈ ತೊಳೆಯುವುದು. ನಲ್ಲಿಯ ಕೆಳಗೆ ಮತ್ತೆ ಆ ಇನ್ನೊಂದು ಜೋಡಿ ಕೈಗಳ ಸದ್ದು ಇತ್ತು — ನಿಧಾನವಾಗಿ, ಮೊಣಕೈ ತನಕ. ಈ ಸಲ ನಾನು ನಲ್ಲಿ ನಿಲ್ಲಿಸದೆ ಪಕ್ಕಕ್ಕೆ ಸರಿದು ನಿಂತೆ, ಅವಳದು ಮುಗಿಯುವ ತನಕ.