ಬಣ್ಣದ ಸಾಹುಕಾರರ ಮೀನು

"ನನ್ನ ಕಾರ್ಖಾನೆಯ ಮೀನು ಸಾಯೋದಿರಲಿ, ಒಮ್ಮೆ ಸೀನಿದ್ದೂ ಇಲ್ಲ!" ಬಟ್ಟೆಗೆ ಬಣ್ಣ ಹಾಕಿಸುವ ಸಾಹುಕಾರರು ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳುವ ಮಾತಿದು. ಹೊಳೆಗೆ ಬಿಡುವ ನೀರನ್ನು ಶೋಧಿಸಿ ಮೊದಲು ಗಾಜಿನ ತೊಟ್ಟಿಗೆ ಹಾಯಿಸುತ್ತಾರೆ, ಅದರೊಳಗೊಂದು ಮೀನು; ಅದು ಬದುಕಿದ್ದರೆ ನೀರು ಶುದ್ಧವೆಂದು ಲೆಕ್ಕ. ಕಾರ್ಖಾನೆಗೆ ನಿಜವಾದ ಮ್ಯಾನೇಜರ್ ಅದೇ. ಅದು ಬಾಲ ಅಲ್ಲಾಡಿಸದೆ ಯಂತ್ರ ತಿರುಗುವುದಿಲ್ಲ. ಅದು ಆಕಳಿಸಿದರೆ ಸಾಹುಕಾರರಿಗೆ ಜ್ವರ. "ಎದುರಿನ ಕಾರ್ಖಾನೆಯವನು ಅಗ್ಗಕ್ಕೆ ಕೊಡ್ತಾನೆ, ಸರಿ. ಒಂದು ಮೀನು ಸಾಕಲಿ ನೋಡೋಣ!" ಎಂದು ಗಿರಾಕಿಗಳನ್ನು ತೊಟ್ಟಿಯ ಮುಂದೆಯೇ ಕೂರಿಸಿ ವ್ಯಾಪಾರ ಕುದುರಿಸುತ್ತಾರೆ. ಈ ಸಲ ವರ್ಷದ ದೊಡ್ಡ ಆರ್ಡರ್ ಹಿಡಿದು ಬಂದ ವ್ಯಾಪಾರಿ ಕನ್ನಡಕ ಏರಿಸಿದ. "ಹೋದ ವರ್ಷ ಕೆಂಪು ಮೀನಿತ್ತಲ್ಲ ಯಜಮಾನ್ರೇ? ಇದು ಕಪ್ಪು. ಇದಕ್ಕೂ ಬಣ್ಣ ಹಾಕಿದ್ರಾ?" ಸಾಹುಕಾರರು ತೊಟ್ಟಿಯ ಗಾಜು ಒರೆಸತೊಡಗಿದರು. ಬಟ್ಟೆ ಮಡಚುತ್ತಿದ್ದ ಹೆಂಡತಿಯೇ ಬಾಯಿಬಿಟ್ಟಳು: "ಫಿಲ್ಟರ್ ಕೆಟ್ಟು ಅದು ಸತ್ತೋಯ್ತು ಅಣ್ಣಾ. ಆವತ್ತೇ ಇವರು ಬಾಗಿಲು ಹಾಕಿ, ಹೊಳೆಯುದ್ದಕ್ಕೂ ಮನೆಮನೆಗೆ ಓಡಿ, ನೀರು ಮುಟ್ಟಬೇಡಿ ಅಂತ ಕೂಗಿ ಬಂದ್ರು. ಹನ್ನೊಂದು ದಿನ ಯಂತ್ರ ನಿಂತಿತ್ತು, ಆಳುಗಳ ಸಂಬಳ ನಿಲ್ಲಲಿಲ್ಲ." ವ್ಯಾಪಾರಿ ಹುಬ್ಬೇರಿಸಿ, "ಅಂದ್ರೆ ನಿಮ್ಮ ಮೀನೂ ಸಾಯುತ್ತೆ!" ಅಂದ. "ಸಾಯುತ್ತೆ ಸ್ವಾಮಿ," ಎಂದು ಸಾಹುಕಾರರು ತಲೆಯೆತ್ತಿದರು. "ಬೇಕಾದ್ರೆ ಎದುರಿನವನ ಹತ್ರ ಹೋಗಿ. ಅಲ್ಲಿ ಇವತ್ತಿನವರೆಗೆ ಒಂದೂ ಸತ್ತಿಲ್ಲ. ಸಾಕಿದ್ರೆ ತಾನೇ!"