ಉರಿಯಾಮನ ಎಡಗೈಗೆ ಬಲ ಬಂದದ್ದೆಲ್ಲಿಂದ?

ಮಹಾಸಾಗರದ ನಡುವಿನ ಅಬಾಯಾಂಗ್ ದ್ವೀಪದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ತೆಂಗಿನ ಮರದ ತುದಿಯಲ್ಲಿ ಎರಡು ಗರಿಗಳ ನಡುವೆ ಕೂತು ಉರಿಯಾಮ್ ಹೊಂಬಾಳೆಯ ತುದಿಯನ್ನು ತೆಳ್ಳಗೆ ಕೆತ್ತುತ್ತಿದ್ದಾರೆ. ಬಾಯಲ್ಲಿ ಹಾಡು. ನೀರಾ ಇಳಿಸುವವರು ಇಲ್ಲಿ ಬಾಯಿ ಮುಚ್ಚಿಕೊಂಡು ಮರ ಹತ್ತುವಂತಿಲ್ಲ. ಕೆಳಗೆ ಸ್ನಾನಕ್ಕೆ ಬಂದ ಹೆಂಗಸರಿಗೆ ಮೇಲೊಬ್ಬ ಗಂಡಸಿದ್ದಾನೆಂದು ಗೊತ್ತಾಗಬೇಕು.

ಪಕ್ಕದ ಮರದಿಂದ ಭಾವಮೈದುನ ಬಿರೀಮಾ ಕೂಗುತ್ತಾನೆ: "ಏನ್ ಭಾವ, ಇವತ್ತು ನಿನ್ ಹಾಡು ಹೆದರ್ಕೊಂಡಂಗಿದೆ?"

"ಹಾಡಿಗೇನೂ ಆಗಿಲ್ಲ. ನೀನು ಕಿವಿ ತೊಳ್ಕೊ."

ಮಾತೇನೋ ಗಟ್ಟಿಯಾಗಿದೆ. ಆದರೆ ಇಳಿಯುವ ಮೊದಲು ಉರಿಯಾಮ್ ತೊಡೆಯನ್ನು ಎರಡು ಸಲ ಒತ್ತಿ ನೋಡಿಕೊಳ್ಳುತ್ತಾರೆ. ಇವತ್ತು ಅದು ತಮ್ಮ ಕಡೆಗೆ ನಿಲ್ಲುತ್ತದೋ ಇಲ್ಲವೋ ಅವರಿಗೆ ಗೊತ್ತಿಲ್ಲ.

ವಯಸ್ಸು ಅರವತ್ತು ದಾಟಿ ಕೆಲವು ವರ್ಷಗಳಾಗಿವೆ. ಮೀಸೆ ಮೂಡುವ ಮೊದಲೇ ಮರ ಹತ್ತಿದವರು ಇವರು. ಕಳೆದ ವರ್ಷದವರೆಗೂ ಬೆಳಿಗ್ಗೆ ನಾಲ್ಕು ಮರ, ಸಂಜೆ ಮತ್ತೆ ಅವೇ ನಾಲ್ಕು. ಕೆತ್ತುವುದನ್ನು ಬಿಟ್ಟರೆ ಹೊಂಬಾಳೆ ಒಣಗುತ್ತದೆ. ಹಾಗಾಗಿ ಮದುವೆಯ ದಿನವೂ ಹತ್ತಿದ್ದಾರೆ, ಜ್ವರದಲ್ಲೂ ಹತ್ತಿದ್ದಾರೆ. ಇವರು ಇಳಿಸಿದ ನೀರಾ ಕುಡಿದು ಸುತ್ತಲಿನ ಮನೆಗಳ ಕೂಸುಗಳು ಬೆಳೆದಿವೆ. ಉಳಿದದ್ದನ್ನು ಹೆಂಡತಿ ಕಬುಟಾ ಕಾಯಿಸಿ ಕಪ್ಪು ಪಾಕ ಮಾಡುತ್ತಾರೆ. ಇದೊಂದು ಹೇಳಿಕೊಳ್ಳುವಂಥ ಕೆಲಸವೆಂದು ಊರಿನಲ್ಲಿ ಯಾರಿಗೂ ಅನ್ನಿಸಿಲ್ಲ.

ಉರಿಯಾಮ್ ಒಮ್ಮೆ ಬಿದ್ದರು, ಆದರೆ ಮರದಿಂದಲ್ಲ. ಅವರ ಗೊಂದಲ ಶುರುವಾಗುವುದೇ ಅಲ್ಲಿಂದ. ಕಳೆದ ವರ್ಷ ಚರ್ಚಿನಿಂದ ಮನೆಗೆ ಬರುವಾಗ ದಾರಿಗೆ ಅಡ್ಡವಾಗಿದ್ದ ದೀವಿಹಲಸಿನ ಬೇರು ದಾಟಲು ಕಾಲೆತ್ತಿದರು. ಎತ್ತಿದೆ ಅಂದುಕೊಂಡರು, ಅಷ್ಟೆ. ಕಾಲು ಏಳಲಿಲ್ಲ. ಎಡ ಮುಂಗೈ ಮುರಿಯಿತು.

"ಇಷ್ಟು ವರ್ಷ ಮರದಿಂದ ಬೀಳ್ದೋನು ನೆಲದ ಮೇಲೆ ಬಿದ್ದೆ. ಯಾರಿಗ್ ಹೇಳ್ಕೊಳ್ಳಲಿ?" ಎಂದು ಈಗಲೂ ತಲೆ ಕೆರೆದುಕೊಳ್ಳುತ್ತಾರೆ.

ಕತ್ತಿ ಹಿಡಿಯುವುದು ಬಲಗೈ. ಮರವನ್ನು ತಬ್ಬುವುದು ಎಡಗೈ. ಎಡಗೈ ಹೋದರೆ ಬಲಗೈಗೂ ಕೆಲಸವಿಲ್ಲ. ಆಸ್ಪತ್ರೆಯ ನರ್ಸ್ ರೂಟಾ ಉರಿಯಾಮನ ತಮ್ಮನ ಮಗಳು. ಕೈಗೆ ಪಟ್ಟಿ ಹಾಕಿಸಿದ ಮೇಲೆ ಅವಳು ಹೇಳಿದ್ದು ಕೇಳಿ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಬಲಗೈಗೆ ದಿನಾ ಕಸರತ್ತು ಮಾಡ್ಸಿ ದೊಡ್ಡಪ್ಪ."

"ಮುರಿದಿರೋದು ಎಡಗೈ ಕಣವ್ವ."

"ಗೊತ್ತು. ನೀವು ಬಲಗೈನ ಚೆನ್ನಾಗಿ ದುಡಿಸಿ. ಎಡಗೈಗೂ ಸ್ವಲ್ಪ ಬಲ ಹೋಗುತ್ತೆ."

"ಹೆಂಗ್ ಹೋಗುತ್ತೆ? ಎದೆ ಮೇಲೆ ನಡ್ಕೊಂಡು ಹೋಗುತ್ತಾ?"

ರೂಟಾ ನಕ್ಕಳು. "ದುಡಿಯೋದು ಕೈಯೊಂದೇ ಅಲ್ಲ ದೊಡ್ಡಪ್ಪ. ಅಪ್ಪಣೆ ಹೊರಡೋದು ತಲೆಯಿಂದ. ತಲೆ ಕಲಿತದ್ದು ಒಂದು ಕೈಗಷ್ಟೇ ನಿಲ್ಲಲ್ಲ."

ಉರಿಯಾಮ್ ನಂಬಲಿಲ್ಲ. ಆದರೂ ಸುಮ್ಮನೆ ಕೂರುವುದಕ್ಕಿಂತ ವಾಸಿಯೆಂದು, ಒದ್ದೆ ಬಟ್ಟೆಯನ್ನು ಸುರುಳಿ ಸುತ್ತಿ ಬಲಗೈಯಲ್ಲಿ ದಿನವೂ ಹಿಂಡಿದರು. ಮುಂಗೈ ಉರಿದು ಬೆರಳು ಸೋಲುವವರೆಗೆ ಹಿಂಡಿದರು. ಬಿರೀಮಾಗೆ ಹಬ್ಬವೋ ಹಬ್ಬ. "ಭಾವ, ನಂಗೆ ಹಸಿವಾಗ್ತಿದೆ. ನೀನೊಂದು ಮೀನು ತಿನ್ನು ನೋಡೋಣ."

ಪಟ್ಟಿ ಬಿಚ್ಚಿದ ದಿನ ಯಾರಿಗೂ ನಗು ಬರಲಿಲ್ಲ. ಕೈ ಒಣಗಿದ ಗರಿಯ ದಂಟಿನಂತಿತ್ತು. ಉರಿಯಾಮ್ ಮುಖ ಆಚೆ ತಿರುಗಿಸಿದರು. ರೂಟಾ ತನ್ನ ಎರಡು ಬೆರಳು ಕೊಟ್ಟು ಹಿಂಡಲು ಹೇಳಿದಳು. ಅವರು ಹಿಂಡಿದರು.

"ಅಯ್ಯೋ, ಬಿಡಿ ದೊಡ್ಡಪ್ಪ!"

ಉರಿಯಾಮ್ ಬೆರಳು ಬಿಟ್ಟು ಕೈಯನ್ನೇ ನೋಡುತ್ತ ಕೂತರು. "ದುಡಿದಿದ್ದು ಬಲಗೈ. ಕೂಲಿ ಎಡಗೈಗೆ ಬಂತು. ಇದ್ಯಾವ ನ್ಯಾಯ ಅಂತ ನಂಗಿನ್ನೂ ಅರ್ಥ ಆಗಿಲ್ಲ" ಎನ್ನುತ್ತಾರೆ.

ಕೈ ಇನ್ನಷ್ಟು ಗಟ್ಟಿಯಾದ ಮೇಲೆ ಮತ್ತೆ ಮರ ಹತ್ತುವ ಮಾತು ಬಂತು. ಕಬುಟಾ ಬೇಡವೇ ಬೇಡ ಎಂದು ಹಟ ಹಿಡಿದರು. ರೂಟಾ ಉರಿಯಾಮನನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಊರದೆ ಮತ್ತೆ ಮತ್ತೆ ಏಳಿಸಿ ನೋಡಿದಳು. ಮೊದಲೆರಡು ಸಲ ಸಲೀಸಾಗಿ ಎದ್ದರು. ಆಮೇಲೆ ತೊಡೆ ನಡುಗಲು ಶುರುವಾಯಿತು.

"ವಯಸ್ಸಾದಂಗೆ ಕಾಲಿಗೆ ಹೋಗೋ ನರದ ಎಳೆ ಕೆಲವು ಸಾಯ್ತವೆ," ರೂಟಾ ಬಿಡಿಸಿ ಹೇಳಿದಳು. "ಅವು ನಡೆಸ್ತಿದ್ದ ಸ್ನಾಯುವಿನ ನಾರುಗಳು ಅನಾಥ ಆಗ್ತವೆ. ಕೆಲವನ್ನ ಪಕ್ಕದ ಎಳೆ ಸಾಕ್ಕೊಳ್ಳುತ್ತೆ, ಉಳಿದವು ಕರಗಿ ಹೋಗ್ತವೆ."

"ತೀರ್ಕೊಂಡ ನಮ್ಮ ಅತ್ತಿಗೆಯ ಮಕ್ಳನ್ನ ನಾವು ಸಾಕಿದಂಗೆ," ಎಂದರು ಕಬುಟಾ.

"ಹಂಗೇ ದೊಡ್ಡಮ್ಮ. ಆದ್ರೆ ಒಬ್ಬಳ ಹಿಂದೆ ಅಷ್ಟೊಂದು ಮಕ್ಳಾದ್ರೆ ಒಂದೊಂದನ್ನೇ ಕೈ ಹಿಡಿದು ನಡೆಸೋಕಾಗುತ್ತಾ? ಎಲ್ಲಾನೂ ಒಟ್ಟಿಗೇ ಎಳೀಬೇಕು. ಕಾಲಿನ ಹಿಡಿತ ಮೊದಲಿನಷ್ಟು ನಾಜೂಕಾಗಿರಲ್ಲ."

ಉರಿಯಾಮ್ ತೊಡೆ ಸವರಿಕೊಂಡು, "ಇದ್ರೊಳಗೆ ಯಾರ ಮಕ್ಳು ಯಾರ ಮನೇಲಿದಾವೋ!" ಎಂದರು. ಆ ದಿನವಿಡೀ ಅದೇ ಯೋಚನೆ.

ಕೊನೆಗೆ ಕಬುಟಾ ಒಪ್ಪಿದ್ದು ತಾನೂ ಮರದ ಬುಡದಲ್ಲಿ ನಿಲ್ಲುವ ಷರತ್ತಿನ ಮೇಲೆ. ಮೊದಲ ದಿನ ಎರಡು ಮರ ಚೆನ್ನಾಗಿಯೇ ಆಯಿತು. ಆ ಹುರುಪಿನಲ್ಲಿ ಉರಿಯಾಮ್ ಎತ್ತರದ ಮೂರನೆಯದನ್ನೂ ಹತ್ತಿದರು. ಇಳಿಯುತ್ತ ಅರ್ಧ ದಾರಿಗೆ ಬಂದಾಗ ಕಾಲಿಡಲು ಮರಕ್ಕೆ ಕೊರೆದ ಕಚ್ಚಿನಲ್ಲಿ ಊರಿದ ಬಲಗಾಲು ಗಾಳಕ್ಕೆ ಸಿಕ್ಕ ಮೀನಿನಂತೆ ಅದುರತೊಡಗಿತು. ನಿಲ್ಲು ಎಂದರೆ ಇನ್ನೂ ಜೋರಾಗಿ ಅದುರಿತು.

ಬಿರೀಮಾ ಓಡಿ ಬಂದು ಮರಕ್ಕೆ ಕೈ ಹಾಕಿದ. ಕಬುಟಾ ಅವನನ್ನು ಹಿಂದಕ್ಕೆಳೆದು, ಮೇಲೆ ನೋಡಿ ಕೂಗಿದರು: "ಇಳೀಬೇಡ. ಅಲ್ಲೇ ತಬ್ಕೊಂಡು ನಿಂತ್ಕೊ. ಸುಸ್ತಾದ ಕಾಲಿಗೆ ಸುಧಾರಿಸ್ಕೊಳ್ಳೋಕೆ ಬಿಡು ಅಂತ ರೂಟಾ ಹೇಳಿಲ್ವಾ?"

ಉರಿಯಾಮ್ ಭಾರವನ್ನೆಲ್ಲ ಇನ್ನೊಂದು ಕಾಲಿಗೆ ಬಿಟ್ಟು, ಮರಕ್ಕೆ ಕೆನ್ನೆ ಒತ್ತಿ ನಿಂತರು. ನೆಟ್ಟಗಿದ್ದ ಕಾಲು ಕೈಕೊಟ್ಟಿತ್ತು, ಮುರಿದ ಕೈ ಹಿಡಿದಿತ್ತು. ಯಾವುದನ್ನು ನಂಬುವುದೆಂದೇ ಅವರಿಗೆ ತಿಳಿಯಲಿಲ್ಲ. ಕೆಳಗೆ ಕಬುಟಾ ಬಾಯೊಳಗೇ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು. ನಿಧಾನವಾಗಿ ನಡುಕ ಇಳಿಯಿತು. ಒಂದು ಕಚ್ಚು ಇಳಿದು ನಿಂತರು. ಮತ್ತೊಂದು ಇಳಿದು ಮತ್ತೆ ನಿಂತರು. ನೆಲ ಸಿಕ್ಕಾಗ ಹಾಗೇ ಕುಸಿದು ಕೂತರು.

ಕಬುಟಾ ಅಳುತ್ತಲೇ ಬೈದರು. "ಎತ್ತರದ್ದೆರಡು ಬಿರೀಮಾಗೆ. ಗಿಡ್ಡದ್ದೆರಡು ನಿಂಗೆ. ಇನ್ನೊಂದಕ್ಕೆ ಕಾಲಿಟ್ರೆ ನಿನ್ ಕತ್ತೀನ ಸಮುದ್ರಕ್ಕೆ ಎಸೀತೀನಿ."

"ಆಗ್ಲಿ," ಎಂದರು ಉರಿಯಾಮ್. ಅವರು ಹೆಂಡತಿಗೆ ಎದುರಾಡದೆ ಒಪ್ಪಿದ್ದನ್ನು ಬಿರೀಮಾ ಕಂಡದ್ದು ಅದೇ ಮೊದಲು.

ಈಗ ಹತ್ತುವ ಮೊದಲು ಮಗುಚಿ ಹಾಕಿದ ದೋಣಿಯ ಮೇಲೆ ಕೂತು ಎದ್ದು ಕಸರತ್ತು ಮಾಡುತ್ತಾರೆ. ಈ ವಯಸ್ಸಿನಲ್ಲೂ ಸ್ನಾಯು ಕಲಿಯುತ್ತದೆ ಎಂದಿದ್ದಾಳೆ ರೂಟಾ. ಕಲಿತಿರುವುದೇನೋ ನಿಜ, ಕೂತಲ್ಲಿಂದ ಏಳುವುದು ಈಗ ಹಗುರ. ಆದರೂ ಒಮ್ಮೊಮ್ಮೆ ಲೆಕ್ಕವೇ ತಲೆಕೆಳಗು: ಚೆನ್ನಾಗಿ ನಿದ್ದೆ ಮಾಡಿದ ಮರುದಿನ ಕಾಲು ಮರದ ಕೊರಡು, ಮೊಮ್ಮಗುವಿನ ಕಾಟದಲ್ಲಿ ನಿದ್ದೆಗೆಟ್ಟ ಮರುದಿನ ಹಕ್ಕಿಯಷ್ಟು ಹಗುರ. ರೂಟಾಳನ್ನು ಕೇಳಿದರೆ ಅದು ಯಾಕೆಂದು ತನಗೂ ತಿಳಿಯದು ಎನ್ನುತ್ತಾಳೆ.

ಬೆಳಕು ಹರಿದಿದೆ. ಉರಿಯಾಮ್ ಎರಡನೆಯ ಮರವೂ ಇಳಿದು, ನೀರಾ ತುಂಬಿದ ತೆಂಗಿನ ಚಿಪ್ಪನ್ನು ಕಬುಟಾಳ ಕೈಗಿಡುತ್ತಾರೆ. ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಕತ್ತಿ ಒರೆಸುತ್ತ ಮರದ ತುದಿಯತ್ತ ನೋಡುತ್ತಾರೆ.

"ನಾನು ಮೇಲೆ ಕೂತಿರುವಾಗ ಕೆಳಗಿಂದ ಯಾರೂ 'ಅಜ್ಜಾ, ಹುಷಾರು' ಅಂತ ಕೂಗ್ಬಾರ್ದು," ಎನ್ನುತ್ತಾರೆ. "ಬೇರೆಯವ್ರಿಗೆ ಕೂಗ್ತಾರಾ? ನೀರಾ ಎಷ್ಟಾಯ್ತು ಅಂತ ಕೇಳ್ಲಿ, ಸಾಕು."