ನಾನು ಹಿಡಿಯದ ಒಪ್ಪತ್ತು

ನಾನು ಒಪ್ಪತ್ತು ಇರಲಿಲ್ಲ, ದುರಗವ್ವ. ನೀನು ರೊಟ್ಟಿ ಮುಂದೆ ಹಿಡಿದಾಗಲೆಲ್ಲ “ಇವತ್ತು ನಂದು ಒಪ್ಪತ್ತು” ಎಂದದ್ದು ಸುಳ್ಳು. ನಿನ್ನ ಕೇರಿಯ ರೊಟ್ಟಿ ತಿನ್ನಲು ಹೆದರಿದ್ದೆ — ಇಲ್ಲ, ಹೆದರಿಕೆಯಲ್ಲ, ಹೇಸಿಗೆ. ಆ ಮಾತನ್ನು ಹಾಗೆಯೇ ಬರೆದಿಡುತ್ತೇನೆ.

ಹೇಮಗುಡ್ಡದ ಈಚೆಗಿನ ನಮ್ಮೂರಿನಿಂದ ಗಂಗಾವತಿಯ ಕಾಲುವೆ ಬಯಲಿಗೆ ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪು ಕಟ್ಟಿದವಳು ನೀನು. ಎಲ್ಲರೂ ಒಂದೇ ಕೆಸರಿನಲ್ಲಿ ಬಾಗುತ್ತಿದ್ದೆವು. ಆದರೆ ಧಣಿಯ ಬದುವಿನ ಮೇಲೆ ಕುಡಿಯುವ ನೀರಿನ ಕೊಡ ಎರಡು — ನಿಮಗೊಂದು, ನಮಗೊಂದು. ಊಟಕ್ಕೂ ನೀವು ಆಚೆ, ನಾವು ಈಚೆ. ಒಂದು ದಿನ ಸಸಿ ಕಿತ್ತು ಕಟ್ಟುಗಳೆಲ್ಲ ಗದ್ದೆಗೆ ಬಂದು ಬಿದ್ದ ಮೇಲೆ ನೀನು ಬದುವೇರಿ ಕುಳಿತುಬಿಟ್ಟೆ.

“ಧಣೇರ, ಕಾಲುವಿ ನೀರು ನಮ್ಮ ಕಾಲಾಗ ಹಾದು ನಿಮ್ಮ ಭತ್ತಕ್ಕ ಹೋಗತೈತಿ. ಅದು ನಡೀತೈತಿ, ನಾವು ಮುಟ್ಟಿದ ಕೊಡ ನಡಿಯಂಗಿಲ್ಲೇನ್ರಿ? ಒಂದ ಕೊಡ ಇಡೂ ತನಕ ಏಳಂಗಿಲ್ಲ.”

ನಮ್ಮ ಓಣಿಯವರಲ್ಲಿ ಮೊದಲು ನಿನ್ನ ಪಕ್ಕ ಕುಳಿತವಳು ನಾನು. ಅದನ್ನು ಇಂದಿಗೂ ಹೆಮ್ಮೆಯಿಂದಲೇ ಹೇಳುತ್ತೇನೆ. ಉಳಿದವರೂ ಬಂದು ಕುಳಿತರು. ಧಣಿ ಬೈದ, ಬೇರೆ ಗುಂಪು ತರುತ್ತೇನೆಂದ. ಬಿಸಿಲಿಗೆ ಸಸಿ ಬಾಡತೊಡಗಿದಾಗ ತಾನೇ ಎರಡರಲ್ಲೊಂದು ಕೊಡ ಎತ್ತಿಕೊಂಡು ನಡೆದ.

“ಕುಡೀರವ್ವ, ಎಲ್ಲಾರೂ ಒಂದರಾಗ ಕುಡೀರಿ! ಸಸಿ ಸಾಯತಾವು.”

“ಸಸಿ ಸಾಯಂಗಿಲ್ರಿ, ನಿಮ್ಮ ಸೊಕ್ಕು ಸತ್ತೈತಿ” ಎಂದು ನೀನು ನಕ್ಕೆ. ಎಂಥ ನಗು ಅದು!

ಎಲ್ಲ ಸೊಕ್ಕೂ ಸತ್ತಿತೆಂದೇ ನಾನೂ ತಿಳಿದೆ. ಆದರೆ ಅಂದು ಮಧ್ಯಾಹ್ನ ಮೊದಲ ಸಲ ಎಲ್ಲರ ಬುತ್ತಿಗಳೂ ಒಂದೇ ಕಡೆ ಬಿಚ್ಚಿಕೊಂಡವು. ನೀನು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಮೊದಲು ನನ್ನತ್ತಲೇ ಚಾಚಿದೆ. ಆಗ ಬಾಯಿಗೆ ಬಂತು, ಒಪ್ಪತ್ತು. ಸುಳ್ಳು ಉಳಿಯಬೇಕಲ್ಲ — ನನ್ನ ಬುತ್ತಿಯನ್ನೂ ಬಿಚ್ಚದೆ ಸಂಜೆಯತನಕ ಹಸಿದು ನಟ್ಟೆ. ಧಣಿ ಸೋತು ಮನೆಗೆ ಹೋಗಿದ್ದ. ಅವನು ನಂಬಿದ್ದ ಮೈಲಿಗೆ ಮಾತ್ರ ನನ್ನೊಳಗೆ ಕುಳಿತು ನನ್ನನ್ನೇ ಉಪವಾಸ ಕೆಡವಿತ್ತು. ಆಮೇಲೆಯೂ ನೀನು ನನಗೆಂದು ಏನಾದರೂ ತಂದಾಗಲೆಲ್ಲ ಅದೇ ಮಾತು. ವರ್ಷಗಳು...

ಮೊನ್ನೆ, ನೀನು ತೀರಿಕೊಂಡ ಮೂರನೇ ದಿನದ ಕಾರ್ಯಕ್ಕೆ ಹೋಗಿದ್ದೆ. ಊಟಕ್ಕೆ ಕುಳಿತಾಗ ನಿನ್ನ ಮಗಳು ಮಲ್ಲವ್ವ ನನ್ನ ಮುಂದೆ ಬಾಳೆಹಣ್ಣು ಇಟ್ಟಳು.

“ಚಿಗವ್ವ, ನಿಮಗ ಇದ ಇಟ್ಟೇನ್ರಿ. ‘ಆಕಿಗೆ ಉಣ್ಣು ಅಂತ ಕಾಡಬ್ಯಾಡ, ಆಕಿದು ಭಾಳ ಗಟ್ಟಿ ನೇಮ’ ಅಂತಿದ್ಲು ನಮ್ಮವ್ವ.”

ನೀನು ನಂಬಿದ್ದೆಯೋ, ತಿಳಿದೂ ತಿಳಿದೂ ನಿನ್ನ ಮಕ್ಕಳೆದುರು ನನ್ನ ಮಾನ ಕಾಯ್ದೆಯೋ — ಕೇಳಬೇಕಾದವಳು ಇಲ್ಲ.

“ನೇಮ ಇಲ್ಲವ್ವ. ನಿಮ್ಮ ಮನಿದು ಉಣಬಾರದಂತ ಸುಳ್ಳು ಹೇಳತಿದ್ದೆ” ಎಂದೆ, ಎಲ್ಲರಿಗೂ ಕೇಳುವಂತೆ.

ಮಲ್ಲವ್ವ ಬಾಳೆಹಣ್ಣು ಎತ್ತಿಟ್ಟಳು. ಅನ್ನ ಬಡಿಸಿದಳು. “ಉಣ್ರಿ” ಎನ್ನಲಿಲ್ಲ. ಅನ್ನಬೇಕೆಂದು ನಾನು ಬಯಸುವುದೂ ತಪ್ಪು. ಎಲೆಯಲ್ಲಿ ಒಂದಗುಳೂ ಬಿಡದೆ ಉಂಡೆ.

ಮನೆಗೆ ಬಂದರೆ ಸುದ್ದಿ ಮೊದಲೇ ತಲುಪಿತ್ತು. ಸೊಸೆ ಬಾಗಿಲಲ್ಲೇ ಬಕೀಟಿನಲ್ಲಿ ನೀರಿಟ್ಟು ನಿಂತಿದ್ದಳು.

“ಅತ್ತಿ, ಮೊದಲ ಜಳಕ ಮಾಡ್ರಿ.”

“ಸತ್ತ ಮನಿಗೆ ಹೋಗಿದ್ದಕ್ಕೇನವ್ವ?”

“ಅದಕ್ಕಾದ್ರ ಕಾಲು ತೊಳಕೊಂಡ್ರ ಸಾಕಿತ್ರಿ. ಅಲ್ಲೇ ಉಂಡೀರಂತಲ್ಲ!”

ಅವಳು ಆ ಧಣಿಯ ಮುಖವನ್ನೇ ನೋಡಿದವಳಲ್ಲ. ಈ ಮನೆಯಲ್ಲಿ ಅವಳು ಕಂಡು ಕಲಿತದ್ದು ನನ್ನನ್ನು. ಅವನನ್ನು ಸೋಲಿಸಲು ನಮಗೆ ಒಂದು ಹೊತ್ತು ಸಾಕಾಯಿತು, ದುರಗವ್ವ. ಆ ಗೆಲುವು ಸುಳ್ಳಲ್ಲ, ಅದನ್ನು ಯಾರಿಗೂ ಬಿಟ್ಟುಕೊಡೆನು. ಆದರೆ ಅಂದು ಸೋತು ಹೋದವನು ಆ ಮನುಷ್ಯ ಮಾತ್ರ.

“ಉಂಡದ್ದು ತೊಳಿಯೂದಲ್ಲವ್ವ” ಎಂದೆ. ಬಕೀಟು ಸರಿಸಿ, ನೇರ ಅಡುಗೆಮನೆಗೆ ಹೋಗಿ, ಒಲೆ ಹಚ್ಚಿ ಎಲ್ಲರಿಗೂ ಚಹಾಕ್ಕಿಟ್ಟೆ. ಸೊಸೆ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ಅವಳ ಲೋಟವನ್ನೂ ತುಂಬಿ ಇಟ್ಟೆ.